ಐವತ್ತು ಟೀ-ಶರ್ಟಿನ ಲೆಕ್ಕ

2011ರಲ್ಲಿ ಜಪಾನಿನ ಒಂದು ಟೀ-ಶರ್ಟ್ ಕಂಪನಿ ಮಾರಾಟವಾಯಿತು. ಹಾಂಗ್‌ಕಾಂಗಿನ ಐ.ಟಿ. ಅನ್ನುವ ಫ್ಯಾಷನ್ ಸಂಸ್ಥೆ ಅದರ ಸುಮಾರು 90 ಪರ್ಸೆಂಟ್ ಪಾಲನ್ನು ತೆಗೆದುಕೊಂಡಿತು. ಕೊಟ್ಟಿದ್ದು ಸುಮಾರು 28 ಲಕ್ಷ ಡಾಲರ್. ಅದಾಗಿ ಎಂಟು ವರ್ಷಕ್ಕೆ, 2019ರ ಏಪ್ರಿಲ್ 1ರಂದು, ಹಾಂಗ್‌ಕಾಂಗಿನಲ್ಲೇ ನಡೆದ ಸೋದಬೀಸ್ ಹರಾಜಿನಲ್ಲಿ ಕಾಸ್ ಎಂಬ ಅಮೆರಿಕನ್ ಕಲಾವಿದನ ಪೇಂಟಿಂಗ್ ಒಂದು ಸುಮಾರು 1 ಕೋಟಿ 47 ಲಕ್ಷ ಡಾಲರಿಗೆ ಹೋಯಿತು. ಅದನ್ನು ಹರಾಜಿಗೆ ಇಟ್ಟವನು ಆ ಟೀ-ಶರ್ಟ್ ಕಂಪನಿ ಕಟ್ಟಿದವನೇ. ಸಾಲಸೋಲದ ಲೆಕ್ಕ ಪಕ್ಕಕ್ಕಿಟ್ಟರೆ, ಅವನ ಹತ್ತಿರ ಇದ್ದ ಒಂದು ಚಿತ್ರದ ದುಡ್ಡಲ್ಲಿ ಅವನು ಕಳೆದುಕೊಂಡ ಕಂಪನಿಯನ್ನು ಐದು ಸಲ ಕೊಳ್ಳಬಹುದಿತ್ತು.

ಕಂಪನಿಯ ಹೆಸರು ಎ ಬೇಥಿಂಗ್ ಏಪ್. ಹುಡುಗರ ಬಾಯಲ್ಲಿ ಬೇಪ್. ಕಟ್ಟಿದವನು ನಿಗೋ. ಮನೆಯವರು ಇಟ್ಟ ಹೆಸರು ತೊಮೊಆಕಿ ನಗಾವೊ.

ನಾನು ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಮರ್ಚಂಡೈಸರ್ ಆಗಿ ಕೆಲಸ ಮಾಡಿದವನು. ಬೇಪ್ ಬಗ್ಗೆ ಕುತೂಹಲ ಹತ್ತಿದ್ದು ಒಂದು ಸಂಖ್ಯೆಯಿಂದ. ಶುರುವಿನ ದಿನಗಳಲ್ಲಿ ನಿಗೋ ವಾರಕ್ಕೆ ಮೂವತ್ತರಿಂದ ಐವತ್ತು ಟೀ-ಶರ್ಟ್ ಮಾತ್ರ ಮಾಡಿಸುತ್ತಿದ್ದ, ಅದರಲ್ಲೂ ಅರ್ಧ ಗೆಳೆಯರಿಗೆ ಸುಮ್ನೆ ಕೊಟ್ಟುಬಿಡುತ್ತಿದ್ದ ಅಂತ ಅವನ ಕಥೆ ಹೇಳುವವರೆಲ್ಲ ಹೇಳುತ್ತಾರೆ. ನಮ್ಮ ಲೈನಿನಲ್ಲಿ ಐವತ್ತು ಪೀಸ್ ಅಂದರೆ ಅದು ಆರ್ಡರೇ ಅಲ್ಲ. ಫಿಟ್ ಸ್ಯಾಂಪಲ್, ಸೈಜ್ ಸೆಟ್ಟು, ಟೆಸ್ಟಿಂಗಿಗೆ ಹೋಗುವ ಪೀಸು, ಬಯ್ಯರ್ ಆಫೀಸಿಗೆ ಕೊರಿಯರ್ ಮಾಡುವ ಪೀಸು ಎಲ್ಲ ಸೇರಿಸಿದರೆ ಅಷ್ಟು ಆಗಿಹೋಗುತ್ತದೆ. ಐವತ್ತು ಪೀಸ್ ಬೇಕು ಅಂತ ಯಾರಾದರೂ ಫ್ಯಾಕ್ಟರಿಗೆ ಬಂದರೆ ಟೀ ಕೊಟ್ಟು ಕಳಿಸುತ್ತೇವೆ ಅಷ್ಟೇ.

ಆದರೆ ಆ ಐವತ್ತರಲ್ಲೇ ಎಲ್ಲ ಇತ್ತು. ಸುಮ್ನೆ ಕೊಟ್ಟ ಆ ಅರ್ಧ ಯಾರಿಗೆ ಹೋಯಿತು ನೋಡಿ. ಡಿಜೆಗಳು, ಬ್ಯಾಂಡಿನ ಹುಡುಗರು, ಪತ್ರಿಕೆಗಳಲ್ಲಿ ಕೆಲಸ ಮಾಡುವವರು. ಇಪ್ಪತ್ತೈದು ಜನ ಹಾಕಿಕೊಂಡರು, ಆ ಇಪ್ಪತ್ತೈದು ಜನರನ್ನು ಇಡೀ ಟೋಕಿಯೋದ ಹುಡುಗರು ನೋಡುತ್ತಿದ್ದರು. ಬೇಪ್ ಏಳಲು ಬಟ್ಟೆಗಿಂತ ಜಾಸ್ತಿ ಕಾರಣ ಅದನ್ನು ಯಾರು ಹಾಕಿಕೊಂಡರು, ಹೇಗೆ ಹಾಕಿಕೊಂಡರು ಅನ್ನುವುದು. ಬೀಳಲೂ ಅದೇ ಕಾರಣ ಅಂತ ನನ್ನ ಅನಿಸಿಕೆ.

ಟೋಕಿಯೋದ ಹರಾಜುಕು ಬಡಾವಣೆ ಅಂದ ಕೂಡಲೇ ರೀಲ್ಸ್ ನೋಡುವವರಿಗೆ ತಕೇಶಿತಾ ಬೀದಿ ನೆನಪಾಗುತ್ತದೆ. ಬಣ್ಣ ಬಣ್ಣದ ಕೂದಲು, ಕ್ರೇಪ್ ಅಂಗಡಿ, ಕಾಲಿಡಲು ಜಾಗ ಇಲ್ಲದ ಜನ. ಬೇಪ್ ಹುಟ್ಟಿದ್ದು ಆ ಬೀದಿಯಲ್ಲಿ ಅಲ್ಲ. ಮೇಜಿ ರಸ್ತೆ ದಾಟಿ ಒಳಗಿನ ಓಣಿಗಳಿಗೆ ಹೋದರೆ ಮನೆಗಳ ನಡುವೆ ಚಿಕ್ಕ ಚಿಕ್ಕ ಅಂಗಡಿಗಳು ಸಿಗುತ್ತವೆ. ಆ ಹಿತ್ತಲಿನ ಭಾಗಕ್ಕೆ ಉರಾ-ಹರಾಜುಕು ಅನ್ನುತ್ತಾರೆ. 90ರ ದಶಕದ ಮೊದಲಲ್ಲಿ ಜಪಾನಿನ ಶೇರು ಪೇಟೆ, ಜಮೀನಿನ ಬೆಲೆ ಎರಡೂ ಕುಸಿದಿದ್ದವು. ದೊಡ್ಡ ರಸ್ತೆಯ ಮಳಿಗೆ ಬಿಡಿ, ಹಿಂದಿನ ಓಣಿಯ ಒಂದು ರೂಮು ಇಪ್ಪತ್ತೆರಡು ಇಪ್ಪತ್ಮೂರು ವರ್ಷದ ಹುಡುಗರಿಗೂ ಸಿಗುವ ಹಾಗಿತ್ತು.

ನಿಗೋ ಗುನ್ಮಾ ಪ್ರಾಂತ್ಯದ ಮಯೆಬಾಶಿ ಊರಿನವನು. ಟೋಕಿಯೋದಿಂದ ಸ್ವಲ್ಪ ದೂರದ ಊರು. ಬುಂಕಾ ಫ್ಯಾಷನ್ ಕಾಲೇಜಿಗೆ ಸೇರಿದ. ಅಲ್ಲಿ ಅವನು ಓದಿದ್ದು ಪ್ಯಾಟರ್ನ್ ಕಟಿಂಗ್ ಅಲ್ಲ, ಫ್ಯಾಷನ್ ಪತ್ರಿಕೆಗಳ ಸಂಪಾದನೆಯ ಕೋರ್ಸು. ಇದನ್ನು ಬಹಳ ಜನ ಒಂದು ಸಾಲಲ್ಲಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಮಾತ್ರ ಇಡೀ ಕಥೆಯ ಬೀಗದ ಕೈ ಇದೇ ಅನಿಸುತ್ತದೆ. ಹೊಲಿಯಲು ಕಲಿತವನಲ್ಲ ಇವನು. ಯಾವ ಚಿತ್ರದ ಪಕ್ಕ ಯಾವ ಚಿತ್ರ ಇಟ್ಟರೆ ಚೆನ್ನ, ಯಾರಿಗೆ ಯಾವ ಶೂ ಹಾಕಿಸಿದರೆ ಓದುಗ ಪುಟ ತಿರುಗಿಸುವುದನ್ನು ನಿಲ್ಲಿಸುತ್ತಾನೆ, ಇದನ್ನು ಕಲಿತವನು. ಪೋಪೈ ಪತ್ರಿಕೆಗೆ ಸ್ಟೈಲಿಸ್ಟ್ ಆಗಿಯೂ ಕೆಲಸ ಮಾಡಿದ, ರಾತ್ರಿ ಡಿಜೆ.

ಅವನಿಗೆ ಗುರು ಅಂತ ಇದ್ದವನು ಹಿರೋಶಿ ಫುಜಿವಾರಾ. ನ್ಯೂಯಾರ್ಕು, ಲಂಡನ್ ಸುತ್ತಿ ಹಿಪ್‌ಹಾಪ್ ರೆಕಾರ್ಡುಗಳನ್ನು ಜಪಾನಿಗೆ ತಂದವನು, ಪತ್ರಿಕೆಯಲ್ಲಿ ಏನು ಕೇಳಬೇಕು ಏನು ಹಾಕಬೇಕು ಅಂತ ಅಂಕಣ ಬರೆದವನು, 1990ರಲ್ಲೇ ಗುಡ್‌ಇನಫ್ ಎಂಬ ಬ್ರ್ಯಾಂಡ್ ಶುರು ಮಾಡಿದವನು. ನಮ್ಮ ಹುಡುಗ ನೋಡಲು ಥೇಟ್ ಅವನ ಹಾಗೇ ಇದ್ದನಂತೆ. ಅದಕ್ಕೇ ಎಲ್ಲರೂ ‘ನಿಗೋ’ ಅಂತ ಕರೆಯತೊಡಗಿದರು, ಎರಡನೇ ನಂಬರಿನವನು ಅಂತ. ಬೇರೆ ಯಾರಾದರೂ ಆಗಿದ್ದರೆ ಬೇಜಾರು ಮಾಡಿಕೊಳ್ಳುತ್ತಿದ್ದರು. ಇವನು ಅದನ್ನೇ ಹೆಸರು ಮಾಡಿಕೊಂಡು ಜೀವನಪೂರ್ತಿ ಇಟ್ಟುಕೊಂಡ.

1993ರ ಏಪ್ರಿಲ್ 1ರಂದು ನಿಗೋ ಮತ್ತು ಅವನ ಕಾಲೇಜು ಗೆಳೆಯ ಜುನ್ ತಕಾಹಾಶಿ ಸೇರಿ ನೋವೇರ್ ಅನ್ನುವ ಅಂಗಡಿ ತೆರೆದರು. (ಹೌದು, ಪೇಂಟಿಂಗ್ ಹರಾಜಾದದ್ದೂ ಏಪ್ರಿಲ್ 1. ಕಾಕತಾಳೀಯ ಅಂತಲೇ ಇಟ್ಟುಕೊಳ್ಳೋಣ.) ಅಂಗಡಿಯ ಒಂದು ಕಡೆ ತಕಾಹಾಶಿಯ ಅಂಡರ್‌ಕವರ್ ಬಟ್ಟೆ. ಇನ್ನೊಂದು ಕಡೆ ನಿಗೋ ಹೊರದೇಶದಿಂದ ತರಿಸಿದ ಮಾಲು. ತಕಾಹಾಶಿಯ ಕಡೆ ಜನ ಮುಗಿಬೀಳುತ್ತಿದ್ದರು, ಇವನ ಕಡೆ ಅಷ್ಟಿಲ್ಲ. ಆಗ ಇವನೂ ಸ್ವಂತದ್ದು ಏನಾದರೂ ಮಾಡಬೇಕು ಅಂತ ಹೊರಟ. ಸ್ಕೇಟ್‌ಥಿಂಗ್ ಎಂಬ ಗ್ರಾಫಿಕ್ ಡಿಸೈನರ್ ಜೊತೆ ಕೂತು 1968ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಸಿನಿಮಾದ ವಾನರ ಮುಖವನ್ನು ಲೋಗೋ ಮಾಡಿದರು. ಉಗುರುಬೆಚ್ಚಗಿನ ನೀರಲ್ಲಿ ಹಾಯಾಗಿ ಕೂತು ಎದ್ದೇಳದ ಕೋತಿ ಅಂತ ಹೆಸರು. ಎಲ್ಲ ಸುಲಭವಾಗಿ ಸಿಕ್ಕಿದ ತಮ್ಮದೇ ತಲೆಮಾರಿನ ಹುಡುಗರನ್ನು ಕಿಚಾಯಿಸಿದ್ದು. ಆ ಹುಡುಗರೇ ಕ್ಯೂ ನಿಂತು ಕೊಂಡುಕೊಂಡರು ಬಿಡಿ.

ಆ ಕಾಲದ ಬೇಪ್ ಹಾಕಿಕೊಂಡ ಹುಡುಗರ ಫೋಟೋ ನೋಡಿದರೆ ಇವತ್ತಿನವರಿಗೆ ನಿರಾಸೆ ಆಗಬಹುದು. ಏನೂ ಇಲ್ಲ ಅನಿಸುತ್ತದೆ. ಸಾದಾ ಟೀ-ಶರ್ಟು, ಎದೆ ಮೇಲೆ ಚಿಕ್ಕದಾಗಿ ಕೋತಿ ಮುಖ, ಮಾಸಿದ ಹಳೇ ಲೀವೈಸ್ ಅಥವಾ ಸೈನಿಕರ ಪ್ಯಾಂಟು, ಹುಡುಕಿ ತಂದ ಹಳೇ ಸ್ನೀಕರ್. ಟೀ-ಶರ್ಟ್ ಇನ್ ಮಾಡುವುದಿಲ್ಲ, ಹಾಗಂತ ಮೊಣಕಾಲಿನವರೆಗೆ ಇಳಿಯುವಷ್ಟು ದೊಡ್ಡದೂ ಅಲ್ಲ. ಒಂದೇ ಒಂದು ಗೊತ್ತಿರುವವರಿಗೆ ಮಾತ್ರ ಗೊತ್ತಾಗುವ ಗುರುತು. ಕಾರ್ನೀಲಿಯಸ್ ಎಂಬ ಸಂಗೀತಗಾರ ಬೇಪ್ ಹಾಕಿಕೊಂಡ. ಅವನ ಹೆಸರೂ ಅದೇ ವಾನರ ಸಿನಿಮಾದ ಒಂದು ಪಾತ್ರದ್ದು, ನೋಡಿ ಹೇಗೆ ಎಲ್ಲ ಒಂದೇ ಗೂಡಿನ ಹಕ್ಕಿಗಳು! ಅವನ ಅಭಿಮಾನಿಗಳು ಹಾಕಿದರು. ಜಪಾನಿನ ಫ್ಯಾಷನ್ ಪತ್ರಿಕೆಗಳಿಗೆ ಒಂದು ಅಭ್ಯಾಸ ಇತ್ತು. ಫೋಟೋ ಹಾಕಿ ಸುಮ್ಮನಾಗುವುದಿಲ್ಲ. ಈ ಟೋಪಿ ಎಲ್ಲಿಯದು, ಎಷ್ಟು ಯೆನ್, ಅಂಗಡಿಯ ಫೋನ್ ನಂಬರ್ ಏನು ಅಂತ ಪಕ್ಕದಲ್ಲೇ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಓದುಗರಿಗೆ ಪತ್ರಿಕೆಯೇ ಶಾಪಿಂಗ್ ಪಟ್ಟಿ. ಊರಿಂದ ರೈಲು ಹತ್ತಿ ಬಂದ ಹುಡುಗ ಆ ಪುಟ ಹಿಡಿದುಕೊಂಡು ಓಣಿ ಹುಡುಕುತ್ತಾನೆ. ಅಂಗಡಿ ಸಿಕ್ಕರೆ ಮಾಲು ಖಾಲಿ. ಇನ್ನೊಂದು ವಾರ ಬರಬೇಕು.

ಆದರೂ ಬೇಪ್ ದೊಡ್ಡದಾಯಿತು. 1998ರ ಹೊತ್ತಿಗೆ ಜಪಾನಿನ ಸುಮಾರು 40 ಅಂಗಡಿಗಳಿಗೆ ಮಾಲು ಹೋಗುತ್ತಿತ್ತು. ಆಗ ನಿಗೋ ಮಾಡಿದ ಕೆಲಸಕ್ಕೆ ನಮ್ಮ ಸೇಲ್ಸ್ ಮ್ಯಾನೇಜರುಗಳಿಗೆ ಎದೆನೋವು ಬರಬೇಕು. ಎಲ್ಲರಿಗೂ ಸಪ್ಲೈ ನಿಲ್ಲಿಸಿದ. ಬೇಕಾದರೆ ಟೋಕಿಯೋದ ನನ್ನ ಅಂಗಡಿಗೇ ಬನ್ನಿ ಅಂದ. ಬಂದರು.

ಆ ಅಂಗಡಿಗಳನ್ನು ಕಟ್ಟಿಕೊಟ್ಟವನು ಮಸಮಿಚಿ ಕಟಯಾಮಾ ಎಂಬ ಇಂಟೀರಿಯರ್ ಡಿಸೈನರ್. ಗಾಜು, ಕಾಂಕ್ರೀಟು, ಸ್ಟೀಲು. ಟೀ-ಶರ್ಟುಗಳನ್ನು ರಾಶಿ ಹಾಕದೆ ಪಾರದರ್ಶಕ ಪ್ಲಾಸ್ಟಿಕ್ಕಿನೊಳಗೆ ಫೋಟೋ ಫ್ರೇಮಿನ ಹಾಗೆ ಇಟ್ಟಿರುತ್ತಿದ್ದರು. ಶೂ ಅಂಗಡಿಯಲ್ಲಿ ಕನ್ವೇಯರ್ ಬೆಲ್ಟ್ ಮೇಲೆ ಶೂಗಳು ಸುತ್ತುತ್ತಿದ್ದವು. ಮಕ್ಕಳ ಅಂಗಡಿಯಲ್ಲಿ ಬಣ್ಣದ ಸ್ಪಂಜಿನ ಬಾಳೆಹಣ್ಣುಗಳು ತುಂಬಿದ ಹೊಂಡ, ಮಕ್ಕಳು ಅದರೊಳಗೆ ಬಿದ್ದು ಹೊರಳಾಡಬಹುದು. ಒಂದು ಟೀ-ಶರ್ಟನ್ನು ಗಾಜಿನ ಹಿಂದೆ ಇಟ್ಟ ಕೂಡಲೇ ಅದನ್ನು ನೋಡುವ ಕಣ್ಣು ಬದಲಾಗುತ್ತದೆ, ಅಲ್ವಾ. ನಮ್ಮ ಸರ್‌ಪ್ಲಸ್ ಅಂಗಡಿಗಳಲ್ಲಿ ಅದೇ ಗುಣಮಟ್ಟದ ಕಾಟನ್ ಟೀ-ಶರ್ಟನ್ನು ಗೋಣಿಚೀಲದ ಮೇಲೆ ಸುರಿದಿರುತ್ತಾರೆ, ಜನ ಕಾಲಲ್ಲಿ ಸರಿಸಿ ಮುಂದೆ ಹೋಗುತ್ತಾರೆ.

ಈಗ ಬಟ್ಟೆಗೆ ಬರೋಣ. ಮೂರು ವಸ್ತುಗಳನ್ನು ಮಾತ್ರ ತೆಗೆದುಕೊಳ್ಳುತ್ತೇನೆ.

ಮೊದಲನೆಯದು ಕ್ಯಾಮೊ. ಮಿಲಿಟರಿ ಕ್ಯಾಮೊ, ಅಂದರೆ ಸೈನಿಕರ ಬಟ್ಟೆಯ ಮಚ್ಚೆ ಮಚ್ಚೆ ಪ್ರಿಂಟು, ಎಲ್ಲರಿಗೂ ಗೊತ್ತು. ಬೇಪ್ ಕ್ಯಾಮೊ ದೂರದಿಂದ ಅದೇ ತರ ಕಾಣುತ್ತದೆ. ಹತ್ತಿರ ಬಂದರೆ ಆ ಮಚ್ಚೆಗಳ ನಡುವೆ ಕೋತಿ ತಲೆ ಅಡಗಿದೆ. ಕೆಲವು ಕಡೆ ಪೂರ್ತಿ, ಕೆಲವು ಕಡೆ ಅಡ್ಡಡ್ಡ ತಿರುಗಿಕೊಂಡು. ಅಡಗಿಸುವುದಕ್ಕೆ ಅಂತ ಹುಟ್ಟಿದ ಪ್ರಿಂಟನ್ನು ಗುರುತು ಹಿಡಿಯುವುದಕ್ಕೆ ಬಳಸಿದ್ದಾರೆ, ಭಲೇ ಅನ್ನಬೇಕು.

ಎರಡನೆಯದು 2000ದಲ್ಲಿ ಬಂದ ಬೇಪ್‌ಸ್ಟಾ ಶೂ. ನೈಕಿಯ ಏರ್ ಫೋರ್ಸ್ 1 ನೋಡಿದವರಿಗೆ ಇದರಲ್ಲಿ ಹೊಸದೇನೂ ಕಾಣಿಸುವುದಿಲ್ಲ. ಅದೇ ದಪ್ಪ ಅಡಿ, ಅದೇ ಆಕಾರ. ಟಿಕ್ ಮಾರ್ಕಿನ ಜಾಗದಲ್ಲಿ ನಕ್ಷತ್ರ, ಅದರ ಬಾಲ ಹಿಂದಕ್ಕೆ ಚಾಚಿದೆ. ಆದರೆ ಮಿರಮಿರ ಮಿಂಚುವ ಪೇಟೆಂಟ್ ಲೆದರ್, ಮಕ್ಕಳ ಪೆಪ್ಪರ್‌ಮಿಂಟ್ ಡಬ್ಬದ ಬಣ್ಣಗಳು. ಕಾಪಿ ಅನ್ನಲೋ ಬೇಡವೋ? ನನ್ನ ಪ್ರಕಾರ ಕಾಪಿಯೇ. ಡಿಜೆ ಆದವನು ಬೇರೆಯವರ ಹಾಡಿನ ತುಣುಕು ತೆಗೆದು ಹೊಸ ಹಾಡು ಮಾಡುತ್ತಾನೆ, ನಿಗೋ ಶೂಗೆ ಅದನ್ನೇ ಮಾಡಿದ ಅಂತ ಅಭಿಮಾನಿಗಳ ವಾದ. ಒಪ್ಪಬಹುದು. ನೈಕಿ ಮಾತ್ರ ಬಹಳ ವರ್ಷ ಸುಮ್ಮನಿದ್ದು 2023ರಲ್ಲಿ ಕೇಸು ಹಾಕಿತು. 2024ರಲ್ಲಿ ರಾಜಿ ಆಯಿತು. ಬೇಪ್ ಕೆಲವು ಮಾಡೆಲ್ ನಿಲ್ಲಿಸಿ, ಇನ್ನು ಕೆಲವದರ ಡಿಸೈನ್ ಬದಲಾಯಿಸಲು ಒಪ್ಪಿತು. ಅಷ್ಟು ವರ್ಷ ಯಾಕೆ ಸುಮ್ಮನಿದ್ದರು ಅಂತ ಸ್ನೀಕರ್ ಹುಡುಗರು ಇವತ್ತಿಗೂ ಕಿತ್ತಾಡುತ್ತಾರೆ.

ಮೂರನೆಯದು 2004ರ ಶಾರ್ಕ್ ಹುಡಿ, ಅಂದರೆ ತಲೆ ಮುಚ್ಚುವ ಹುಡ್ ಇರುವ ಸ್ವೆಟ್‌ಶರ್ಟು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಇದು ನನ್ನ ಲೈನಿನ ವಿಷಯ. ಎರಡನೇ ಮಹಾಯುದ್ಧದ ವಿಮಾನಗಳ ಮೂತಿಗೆ ಶಾರ್ಕಿನ ಬಾಯಿ ಬರೆಯುತ್ತಿದ್ದರಲ್ಲ, ಆ ಚಿತ್ರ ಹುಡ್ ಮೇಲೆ ಬಂದಿದೆ. ಎರಡೂ ಪಕ್ಕ ಒಂದೊಂದು ಕಣ್ಣು. ಅಂಚಿನಲ್ಲಿ ಬಿಳಿ ಹಲ್ಲುಗಳು. ಹುಡ್ ಮೇಲೆ ಡಬ್ಲ್ಯೂ.ಜಿ.ಎಂ. (ವರ್ಲ್ಡ್ ಗಾನ್ ಮ್ಯಾಡ್) ಅಂತ ದಪ್ಪ ಅಕ್ಷರ. ಮಾಮೂಲಿ ಹುಡಿಯ ಜಿಪ್ ಕುತ್ತಿಗೆಗೆ ನಿಲ್ಲುತ್ತದೆ. ಇದರ ಜಿಪ್ ಮುಖ ದಾಟಿ ತಲೆಯ ಮೇಲಿನವರೆಗೂ ಹೋಗುತ್ತದೆ. ಪೂರ್ತಿ ಎಳೆದರೆ ಒಳಗೆ ಯಾರಿದ್ದಾರೆ ಅಂತ ಗೊತ್ತಾಗುವುದಿಲ್ಲ, ಶಾರ್ಕ್ ಮಾತ್ರ ನಿಂತಿರುತ್ತದೆ.

ಈಗ ಇದನ್ನು ಫ್ಯಾಕ್ಟರಿಯಲ್ಲಿ ಮಾಡಬೇಕು ಅಂತ ಅಂದುಕೊಳ್ಳಿ. ಎಡಗಡೆ ಹಲ್ಲು ಬಲಗಡೆ ಹಲ್ಲು ಜಿಪ್ ಹಾಕಿದಾಗ ಸರಿಯಾಗಿ ಕೂಡಬೇಕು. ಜಿಪ್ ಹೊಲಿಯುವಾಗ ಒಂದು ಕಡೆ ಬಟ್ಟೆ ಸ್ವಲ್ಪ ಎಳೆದರೂ ಸಾಕು, ಮೇಲೆ ಹೋಗುತ್ತಾ ಹೋಗುತ್ತಾ ಶಾರ್ಕಿನ ಬಾಯಿ ಸೊಟ್ಟ ಆಗುತ್ತದೆ. ಒಂದೊಂದು ಪೀಸಿಗೂ ಆಪರೇಟರ್ ಗುರುತು ಹಾಕಿಕೊಂಡು ಹೊಲಿಯಬೇಕು. ಟಾರ್ಗೆಟ್ ಅರ್ಧಕ್ಕೆ ಇಳಿಯುತ್ತದೆ, ಸೂಪರ್‌ವೈಸರ್ ಕೂಗಾಡುತ್ತಾನೆ. ಡೂಪ್ಲಿಕೇಟ್ ಮಾಲಿನವರು ಇಲ್ಲೇ ಸಿಕ್ಕಿಬೀಳುವುದು. ಪ್ರಿಂಟು, ಟ್ಯಾಗು, ಲೇಬಲ್ಲು ಎಲ್ಲ ಅಚ್ಚುಕಟ್ಟಾಗಿ ಕದಿಯುತ್ತಾರೆ, ಹಲ್ಲು ಮಾತ್ರ ಕೂಡುವುದಿಲ್ಲ. ಬೆಂಗಳೂರಿನ ಬೀದಿಗಳಲ್ಲಿ ಹುಡುಗರು ಹಾಕಿಕೊಂಡು ಓಡಾಡುವ ‘ಫಸ್ಟ್ ಕಾಪಿ’ ಶಾರ್ಕುಗಳನ್ನು ಒಮ್ಮೆ ಗಮನಿಸಿ ನೋಡಿ, ಬಹಳಷ್ಟಕ್ಕೆ ದಂತವೈದ್ಯರು ಬೇಕು.

ಈ ಹುಡಿ ಹಾಕಿಕೊಂಡವರು ಯಾರು? ಕಾರ್ನೀಲಿಯಸ್‌ನ ಅಭಿಮಾನಿಗಳಲ್ಲ. ಅಷ್ಟು ಹೊತ್ತಿಗೆ ಕಥೆ ಅಮೆರಿಕಕ್ಕೆ ಹೋಗಿತ್ತು.

2003ರಲ್ಲಿ ಅಮೆರಿಕದ ಗಾಯಕ ಫರೆಲ್ ವಿಲಿಯಮ್ಸ್ ಟೋಕಿಯೋಗೆ ಬಂದ. ನ್ಯೂಯಾರ್ಕಿನ ಒಡವೆ ವ್ಯಾಪಾರಿ ಜೇಕಬ್ ಇಬ್ಬರಿಗೂ ಪರಿಚಯಸ್ಥ, ಅವನ ಮೂಲಕ ನಿಗೋನ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಲು ಹೋದ. ಒಬ್ಬನಿಗೆ ಜಪಾನಿ ಬರದು, ಇನ್ನೊಬ್ಬನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೂ ದೋಸ್ತಿ ಆಯಿತು, ಬಿಲಿಯನೇರ್ ಬಾಯ್ಸ್ ಕ್ಲಬ್ ಮತ್ತು ಐಸ್‌ಕ್ರೀಮ್ ಎಂಬ ಬ್ರ್ಯಾಂಡುಗಳು ಹುಟ್ಟಿದವು. 2005ರಲ್ಲಿ ನ್ಯೂಯಾರ್ಕಿನ ಸೋಹೋದಲ್ಲಿ ಬೇಪ್ ಅಂಗಡಿ ತೆರೆಯಿತು. ಲಂಡನ್ನಿನಲ್ಲಿ ಆಗಲೇ ಇತ್ತು. ಫರೆಲ್ ಹಾಕಿದ, ಕಾನ್ಯೆ ವೆಸ್ಟ್ ಹಾಕಿದ, ಲಿಲ್ ವೇಯ್ನ್ ಹಾಕಿಕೊಂಡು ಪತ್ರಿಕೆಯ ಮುಖಪುಟಕ್ಕೆ ನಿಂತ, ಸೋಲ್ಜಾ ಬಾಯ್ ತನ್ನ ಬೇಪ್ ಶೂ ಬಗ್ಗೆ ಹಾಡೇ ಕಟ್ಟಿದ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ಶೂ, ಅಮೆರಿಕದ ಸಿನಿಮಾ ಕೋತಿ, ಅಮೆರಿಕದ ಸೈನಿಕರ ಬಟ್ಟೆ, ಎಲ್ಲವನ್ನೂ ಒಬ್ಬ ಜಪಾನಿ ಹುಡುಗ ಜೋಡಿಸಿ, ಪಾಲಿಶ್ ಮಾಡಿ, ಜಾಸ್ತಿ ಬೆಲೆ ಇಟ್ಟು ವಾಪಸ್ ಅಮೆರಿಕಕ್ಕೇ ಮಾರಿದ. ಮಾವನ ಮನೆ ಬೆಲ್ಲ ಮಾವನಿಗೇ ಉಡುಗೊರೆ ಕೊಟ್ಟ ಹಾಗೆ.

ಇಲ್ಲಿ ಸ್ಟೈಲಿಂಗ್ ಪೂರ್ತಿ ಉಲ್ಟಾ ಆಯಿತು. ಟೋಕಿಯೋದಲ್ಲಿ ಒಂದು ಪೀಸು ಬೇಪ್, ಉಳಿದದ್ದು ಹಳೇದು. ಅಮೆರಿಕದ ರ್‍ಯಾಪರುಗಳು ತಲೆಯಿಂದ ಕಾಲಿನವರೆಗೆ ಬೇಪ್. ಹುಡಿ ಗುಲಾಬಿ ಆದರೆ ಶೂ ಗುಲಾಬಿ, ಟೋಪಿಯಲ್ಲೂ ಗುಲಾಬಿ. ಸೊಂಟದಿಂದ ಜಾರುವ ಜೀನ್ಸು, ಎದೆ ಮೇಲೆ ವಜ್ರದ ಪದಕ. ನಿಗೋ ಕೂಡ ಬದಲಾದ. 90ರ ದಶಕದ ಸಣಕಲು ಸ್ಟೈಲಿಸ್ಟ್ ಹುಡುಗ ಹಲ್ಲಿಗೆ ವಜ್ರದ ಕವಚ ಹಾಕಿಕೊಂಡು ಫೋಟೋಗೆ ನಗತೊಡಗಿದ. ಇದು ಚೆನ್ನಾಗಿರಲಿಲ್ಲ ಅಂತ ನಾನು ಹೇಳುವುದಿಲ್ಲ. ಕಪ್ಪು ಬಿಳಿ ಬಿಟ್ಟು ಬೇರೆ ಬಣ್ಣ ಮುಟ್ಟಲು ಹೆದರುವ ಗಂಡು ಹುಡುಗರ ವಾರ್ಡ್‌ರೋಬಿಗೆ ಗುಲಾಬಿ, ಪುದೀನ ಹಸಿರು, ತಿಳಿ ನೀಲಿ ಬಂದದ್ದರಲ್ಲಿ ಬೇಪ್ ಪಾಲು ದೊಡ್ಡದು. ಅದನ್ನು ಹಾಕಿಕೊಂಡವರಲ್ಲಿ ಒಂದು ಖುಷಿ ಕಾಣುತ್ತದೆ. ಆದರೆ ಗೊತ್ತಿರುವವರಿಗೆ ಮಾತ್ರ ಗೊತ್ತಾಗುವ ಗುರುತು ಅಂತ ಒಂದು ಇತ್ತಲ್ಲ, ಅದು ಮುಗಿಯಿತು. ನೂರು ಅಡಿ ದೂರದಿಂದ ಕಾಣುವ ಗುರುತನ್ನು ಯಾರು ಬೇಕಾದರೂ ಹಾಕಬಹುದು. ಕಾಪಿ ಮಾಡುವುದೂ ಸುಲಭ.

ಟೋಕಿಯೋದ ಹಳೇ ಗಿರಾಕಿಗಳು ಮೆಲ್ಲಗೆ ಕಳಚಿಕೊಂಡರು. ಅಮೆರಿಕದ ರ್‍ಯಾಪ್ ಲೋಕ ಒಂದು ಬ್ರ್ಯಾಂಡನ್ನು ಎಷ್ಟು ಬೇಗ ತಲೆ ಮೇಲೆ ಹೊರುತ್ತದೋ ಅಷ್ಟೇ ಬೇಗ ಇಳಿಸಿಬಿಡುತ್ತದೆ. ಈ ಕಡೆ ಖರ್ಚು ನೋಡಿದರೆ, ದೊಡ್ಡ ಊರುಗಳ ದುಬಾರಿ ಬೀದಿಗಳಲ್ಲಿ ಅಂಗಡಿ, ಜೊತೆಗೆ ಕೆಫೆ, ಕೂದಲು ಕತ್ತರಿಸುವ ಸಲೂನು, ಗ್ಯಾಲರಿ, ಕುಸ್ತಿ ಪಂದ್ಯ ಕೂಡ. 2001ರಲ್ಲೇ ಜಪಾನಿನ ಪೆಪ್ಸಿ ಕ್ಯಾನುಗಳ ಮೇಲೆ ಬೇಪ್ ಕ್ಯಾಮೊ ಬಂದಿತ್ತು. ಐವತ್ತು ಟೀ-ಶರ್ಟ್ ಮಾಡಿದವನು ಕೂಲ್‌ಡ್ರಿಂಕ್ ಕ್ಯಾನಿಗೆ ಬಂದ ಮೇಲೆ ಎಲ್ಲೋ ಒಂದು ಕಡೆ ಲೆಕ್ಕ ತಪ್ಪಲೇಬೇಕು. ಕಮ್ಮಿ ಮಾಡಿದ್ದಕ್ಕೇ ಬೆಲೆ ಬಂದ ವಸ್ತು ಇದು. ಸಂಬಳ, ಬಾಡಿಗೆ ಕಟ್ಟಬೇಕಾದರೆ ಜಾಸ್ತಿ ಮಾಡಬೇಕು. ಜಾಸ್ತಿ ಮಾಡಿದರೆ ಬೆಲೆ ಹೋಯಿತು. 2009ರಲ್ಲಿ ನಿಗೋ ಸಿಇಓ ಕುರ್ಚಿ ಬಿಟ್ಟ. 2011ರಲ್ಲಿ ಕಂಪನಿ ಕೈ ಬದಲಾಯಿತು. 2013ರಲ್ಲಿ ಪೂರ್ತಿ ಹೊರಗೆ ಬಂದ.

ಹೊಸ ಮಾಲೀಕರು ಏನು ಮಾಡಿದರು ಅಂತ ಕೇಳಿದರೆ, ವ್ಯಾಪಾರಿಗಳು ಮಾಡುವುದನ್ನೇ ಮಾಡಿದರು. 2012ರಲ್ಲಿ ಕಮ್ಮಿ ಬೆಲೆಯ ‘ಏಏಪ್’ ಅಂತ ಇನ್ನೊಂದು ಲೈನು ತಂದರು, ಚೀನಾ ಕಡೆ ಅಂಗಡಿ ಹೆಚ್ಚಿಸಿದರು, ಯಾರು ಬಂದರೂ ಕೊಲ್ಯಾಬ್ ಮಾಡಿದರು, ಅಂದರೆ ಜೊತೆ ಸೇರಿ ಮಾಲು ತಂದರು. ಶಾರ್ಕ್ ಹುಡಿ ಇವತ್ತಿಗೂ ಬರುತ್ತದೆ, ವರ್ಷಕ್ಕೆ ಎಷ್ಟು ಬಣ್ಣದಲ್ಲೋ. ಬೈಯಲು ನನಗೆ ಮನಸ್ಸಿಲ್ಲ. ಮುಳುಗುತ್ತಿದ್ದ ಕಂಪನಿ ಉಳಿಯಿತು, ಕೆಲಸ ಉಳಿಯಿತು, ಲಾಭವೂ ಬಂತು. ಹಿತ್ತಲ ಓಣಿಯ ಅಂಗಡಿ ಮಾಲ್ ಅಂಗಡಿ ಆಯಿತು, ಅಷ್ಟೇ.

ನಿಗೋ ಕಥೆ ಅಲ್ಲಿಗೆ ಮುಗಿಯಲಿಲ್ಲ. 2010ರಲ್ಲೇ ಹ್ಯೂಮನ್ ಮೇಡ್ ಅಂತ ಇನ್ನೊಂದು ಬ್ರ್ಯಾಂಡ್ ಶುರು ಮಾಡಿದ್ದ, ಹಳೇ ಅಮೆರಿಕನ್ ಕೆಲಸದ ಬಟ್ಟೆಗಳ ಧಾಟಿಯಲ್ಲಿ. ಅದರಲ್ಲಿ ಕೂಗಾಟ ಕಮ್ಮಿ. ಹೃದಯದ ಚಿಹ್ನೆ, ಬಾತುಕೋಳಿ, ಗಟ್ಟಿ ಬಟ್ಟೆ. 2014ರಲ್ಲಿ ಯೂನಿಕ್ಲೋ ಕಂಪನಿಯ ಟೀ-ಶರ್ಟ್ ವಿಭಾಗದ ಕ್ರಿಯೇಟಿವ್ ಡೈರೆಕ್ಟರ್ ಆದ. ಐವತ್ತು ಪೀಸಿನವನು ಜಗತ್ತಿನ ತುಂಬ ಟೀ-ಶರ್ಟ್ ಮಾರುವವರ ಜೊತೆ! 2021ರಲ್ಲಿ ಪ್ಯಾರಿಸ್ಸಿನ ಕೆಂಜೋ ಎಂಬ ಫ್ಯಾಷನ್ ಸಂಸ್ಥೆ ಅವನನ್ನು ಕಲಾ ನಿರ್ದೇಶಕನಾಗಿ ಕರೆಯಿತು. ಕೆಂಜೋ ಸ್ಥಾಪಿಸಿದ ಕೆಂಜೋ ತಕಾಡಾ ಓದಿದ್ದೂ ಅದೇ ಬುಂಕಾ ಕಾಲೇಜಿನಲ್ಲಿ. 2023ರಲ್ಲಿ ಫರೆಲ್ ಪ್ಯಾರಿಸ್ಸಿನದೇ ಇನ್ನೊಂದು ಫ್ಯಾಷನ್ ಸಂಸ್ಥೆ ಲೂಯಿ ವಿತೋನ್‌ನ ಗಂಡಸರ ವಿಭಾಗಕ್ಕೆ ಬಂದ, 2025ರ ಜನವರಿಯಲ್ಲಿ ಇಬ್ಬರೂ ಸೇರಿ ಆ ಸಂಸ್ಥೆಗೆ ಒಂದು ಶೋ ಮಾಡಿದರು. ಹಲ್ಲಿಗೆ ವಜ್ರ ಹಾಕಿಕೊಂಡು ಟೋಕಿಯೋದಲ್ಲಿ ಅಲೆದಾಡಿದ ಜೋಡಿ ಈಗ ಪ್ಯಾರಿಸ್ಸಿನ ಯಜಮಾನರ ಸಾಲಿನಲ್ಲಿ ಕೂತಿದೆ.

ಆ ಕಾಸ್ ಪೇಂಟಿಂಗ್ ಬಗ್ಗೆ ಒಂದು ಮಾತು ಬಿಟ್ಟುಹೋಯಿತು. ಅದನ್ನು ನಿಗೋ ಹರಾಜಿನಲ್ಲಿ ಕೊಂಡದ್ದಲ್ಲ, 2005ರಲ್ಲಿ ತಾನೇ ಹೇಳಿ ಬರೆಸಿದ್ದು. ಕಾಸ್ ಆಗ ಈಗಿನಷ್ಟು ದೊಡ್ಡ ಹೆಸರಲ್ಲ, ಬೇಪ್‌ಗೆ ಕೊಲ್ಯಾಬ್ ಮಾಡುತ್ತಿದ್ದ ಗೆಳೆಯ. ಯಾರ ಮೇಲೆ ಕಣ್ಣಿಡಬೇಕು ಅನ್ನುವುದು ಇವನಿಗೆ ಮೊದಲಿಂದಲೂ ಗೊತ್ತಿತ್ತು. ಟೀ-ಶರ್ಟ್ ಸುಮ್ನೆ ಕೊಟ್ಟ ಆ ಗೆಳೆಯರ ವಿಷಯದಲ್ಲೂ ಇದೇ ಕಣ್ಣು ಕೆಲಸ ಮಾಡಿತ್ತು. ಕಂಪನಿ ನಡೆಸುವುದು ಬೇರೆ ವಿದ್ಯೆ, ಅದು ಬುಂಕಾ ಕಾಲೇಜಿನ ಸಂಪಾದನೆಯ ಕೋರ್ಸಿನಲ್ಲಿ ಇದ್ದಿರಲಾರದು.

ಇಷ್ಟೆಲ್ಲ ಬರೆದ ಮೇಲೆ ಕೆಲವರು ಕೇಳುತ್ತಾರೆ, ಬೇಪ್ ತಗೋಬಹುದಾ ಅಂತ. ಶಾರ್ಕ್ ಹುಡಿ ಆದರೆ ಕೆಳಗೆ ಸಾದಾ ಪ್ಯಾಂಟು, ಸಾದಾ ಬಿಳಿ ಶೂ ಹಾಕಿ, ಒಂದೇ ಗಲಾಟೆ ಸಾಕು. ಬೆಂಗಳೂರಿನ ಚಳಿಗೆ ಅಷ್ಟು ದಪ್ಪ ಬಟ್ಟೆ ಡಿಸೆಂಬರಿನಲ್ಲಿ ಎರಡು ವಾರ ನಡೆಯುತ್ತದೆ, ಉಳಿದ ದಿನ ಬೀರುವಿನಲ್ಲಿ. ಹಳೇ ಮಾಲು ತೆಗೆದುಕೊಳ್ಳುವವರು ಲೆಜಿಟ್ ಚೆಕ್, ಅಂದರೆ ಅಸಲಿಯೋ ನಕಲಿಯೋ ಅನ್ನುವ ಪರೀಕ್ಷೆ, ಮಾಡಿಸದೆ ದುಡ್ಡು ಕಳಿಸಬೇಡಿ. ನನಗೆ ಯಾರಾದರೂ ಆರಿಸಿಕೋ ಅಂದರೆ 90ರ ದಶಕದ ಆ ಚಿಕ್ಕ ಕೋತಿ ಮುಖದ ಟೀ-ಶರ್ಟೇ ಬೇಕು. ತೊಂದರೆ ಏನೆಂದರೆ ಆಗಿನ ಜಪಾನಿ ಲಾರ್ಜ್ ಅಂದರೆ ನಮ್ಮ ಮೀಡಿಯಂ. ನನ್ನ ಹೊಟ್ಟೆಗೆ ಅದು ಏರುವ ಪೈಕಿ ಅಲ್ಲ.